ಕೋವಿಯ ಒದೆತ ಯಾರ ಪಾಲಿಗೆ?

ಅಬಿಡ್ಸ್ ಕಡೆಗೆ ಓಡಾಡುವವರೆಲ್ಲ ಗನ್‌ಫೌಂಡ್ರಿ ಎಂಬ ಹೆಸರನ್ನು ಕೇಳಿಯೇ ಇರುತ್ತೀರಿ. ಅದರ ಉರ್ದು ಹೆಸರು ತೋಪ್ ಕಾ ಸಾಂಚಾ. ತೋಪು ಕನ್ನಡಿಗರಿಗೆ ಹೊಸ ಶಬ್ದವಲ್ಲ. ಸಾಂಚಾ ಎಂದರೆ ಅಚ್ಚು. ನಿಜಾಮ್ ಅಲಿ ಖಾನನ ಸೇವೆಯಲ್ಲಿದ್ದ ಫ್ರೆಂಚ್ ದಳಪತಿ ರೇಮಂಡ್ 1795ರಲ್ಲಿ ಇಲ್ಲಿ ತೋಪು ಎರಕ ಹೊಯ್ಯುವ ಕಾರ್ಖಾನೆ ಕಟ್ಟಿಸಿದ.

ಆ ಕಾಲದ ತೋಪಿಗೆ ಬಾಯಿಯ ಕಡೆಯಿಂದಲೇ ಮದ್ದು ತುಂಬಿ, ಗುಂಡು ತುರುಕಿ, ಗಜದಿಂದ ಜಡಿಯಬೇಕು. ಹಾರಿಸಿದ ಕೂಡಲೇ ಅದು ಗಾಡಿ ಸಮೇತ ಹಿಂದಕ್ಕೆ ಓಡುತ್ತಿತ್ತು. ಆಳುಗಳು ಮತ್ತೆ ನೂಕಿ ತಂದು ನಿಲ್ಲಿಸಬೇಕು. ಹಾಗೆ ದುಡಿದವರಿಗೆ ಸಂಬಳವೂ ಸರಿಯಾಗಿ ಸಿಗಲಿಲ್ಲ. ರೇಮಂಡ್ 1798ರ ಮಾರ್ಚಿನಲ್ಲಿ ತೀರಿಕೊಂಡ. ಅದೇ ಅಕ್ಟೋಬರಿನಲ್ಲಿ ಬಾಕಿ ಸಂಬಳಕ್ಕಾಗಿ ಅವನ ಪಡೆ ದಂಗೆಯೆದ್ದಿತು. ಇಂಗ್ಲಿಷರು ಆ ಗಲಾಟೆಯಲ್ಲೇ ಅದರ ಆಯುಧ ಕೆಳಗಿಡಿಸಿದರು. ಮರುವರ್ಷ ನಿಜಾಮನ ಸೈನ್ಯ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇಂಗ್ಲಿಷರ ಜೊತೆಗಿತ್ತು.

ಒದೆತವನ್ನೇ ದುಡಿಮೆಗೆ ಹಚ್ಚುವ ಉಪಾಯವನ್ನು ಮ್ಯಾಕ್ಸಿಮ್ ತನ್ನ ಮಷೀನ್‌ಗನ್ನಿನಲ್ಲಿ ತೋರಿಸಿದ್ದು 1884ರ ಸುಮಾರಿಗೆ. ತೋಟಾಕೋವಿಗೆ ಅದನ್ನು ಒಗ್ಗಿಸಿದವನು ಅಮೆರಿಕದ ಜಾನ್ ಬ್ರೌನಿಂಗ್. ಒಂದೇ ಕಂತಿನ ದುಡ್ಡು ಬೇಡ, ಮಾರಿದ ಪ್ರತಿ ಕೋವಿಗೂ ಪಾಲು ಬೇಕು ಎಂದು ಹಟ ಹಿಡಿದ. ವಿಂಚೆಸ್ಟರ್ ಕಂಪನಿ ಒಪ್ಪಲಿಲ್ಲ. 1902ರ ಜನವರಿಯಲ್ಲಿ ರೆಮಿಂಗ್ಟನ್ ಕಂಪನಿಯ ಅಧ್ಯಕ್ಷನನ್ನು ಕಾಣಲು ಕಾದು ಕುಳಿತಿದ್ದಾಗ ಆ ಅಧ್ಯಕ್ಷನೇ ಹೃದಯಾಘಾತದಿಂದ ತೀರಿಕೊಂಡ. ಕೊನೆಗೆ ಕೋವಿ ತಯಾರಾದದ್ದು ಬೆಲ್ಜಿಯಮ್ಮಿನಲ್ಲಿ. ಅದೇ ಆಟೋ-5.

ಅದರಲ್ಲಿ ಈಡು ಹಾರಿದಾಗ ನಳಿಗೆಯೂ ಅದರ ಹಿಂಬದಿ ಮುಚ್ಚುವ ಬೋಲ್ಟೂ ಬಿಗಿದುಕೊಂಡೇ ಹಿಂದಕ್ಕೆ ಸರಿಯುತ್ತವೆ, ತೋಟಾದ ಉದ್ದಕ್ಕಿಂತ ಹೆಚ್ಚು ದೂರ. ಬೋಲ್ಟು ಅಲ್ಲೇ ಸಿಕ್ಕಿಕೊಂಡು, ನಳಿಗೆ ಮಾತ್ರ ಸ್ಪ್ರಿಂಗಿನ ಬಲದಿಂದ ಮುಂದಕ್ಕೆ ಮರಳುತ್ತದೆ. ಖಾಲಿ ತೋಟಾ ಹೊರಗೆ ಚಿಮ್ಮುತ್ತದೆ. ಆಮೇಲೆ ಬೋಲ್ಟು ಹೊಸ ತೋಟಾವನ್ನು ತಳ್ಳಿಕೊಂಡು ಬಂದು ಬಾಗಿಲು ಹಾಕುತ್ತದೆ. ಕುದುರೆಯನ್ನು ಮಾತ್ರ ಪ್ರತಿ ಸಲ ನಾವೇ ಎಳೆಯಬೇಕು. 'ಅರೆ'ಸ್ವಯಂಚಾಲಿತ ಎನ್ನುವುದು ಅದಕ್ಕೇ. ತೋಟಾದ ಬಿರುಸು ನೋಡಿ ಒಳಗಿನ ಘರ್ಷಣೆಯ ಉಂಗುರವನ್ನು ಬದಲಿಸಿ ಕೂಡಿಸಬೇಕು. ಮರೆತರೆ ಭುಜ ನೆನಪಿಸುತ್ತದೆ.

ಎರಡನೆಯ ಬಗೆಯಲ್ಲಿ ನಳಿಗೆ ಅಲುಗುವುದಿಲ್ಲ. ಅದರಲ್ಲಿ ಕೊರೆದ ಸಣ್ಣ ರಂಧ್ರದಿಂದ ಮದ್ದಿನ ಅನಿಲ ಸ್ವಲ್ಪ ನುಸುಳಿ ಪಿಸ್ಟನ್ನನ್ನು ತಳ್ಳುತ್ತದೆ. ಅದು ಬೋಲ್ಟನ್ನು ತಳ್ಳುತ್ತದೆ. 1963ರ ರೆಮಿಂಗ್ಟನ್ 1100 ಹೆಸರಾದದ್ದು ಇದರ ಮೆತ್ತಗಿನ ಒದೆತಕ್ಕೆ. ಆದರೆ ಅನಿಲದ ಜೊತೆ ಮಸಿಯೂ ಒಳಗೆ ಬರುತ್ತದೆ. ಒರೆಸದ ಸೋಮಾರಿಗೆ ಈ ಕೋವಿ ಆಗಿಬರದು.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ: ಇಟಲಿಯ ಬೆನೆಲ್ಲಿ ಕಂಪನಿಯದು, ಬ್ರೂನೊ ಚಿವೊಲಾನಿ ಎಂಬಾತನ ಕಲ್ಪನೆ. ಕೋಠಿಯಲ್ಲಿ ಸಿಟಿ ಬಸ್ಸು ಗಕ್ಕನೆ ಹೊರಟರೆ ನಿಂತವರು ಹಿಂದಕ್ಕೆ ವಾಲುತ್ತಾರಲ್ಲ, ಅದೇ ತತ್ವ. ಇಡೀ ಕೋವಿ ಹಿಂದಕ್ಕೆ ಜಿಗಿಯುತ್ತದೆ. ಬೋಲ್ಟಿನ ಭಾರದ ಭಾಗ ಮಾತ್ರ ಇದ್ದಲ್ಲೇ ಇರಲು ನೋಡುತ್ತದೆ. ನಡುವಿನ ಗಟ್ಟಿ ಸ್ಪ್ರಿಂಗು ಅಮುಕಿಹೋಗುತ್ತದೆ. ಚರೆ ನಳಿಗೆ ದಾಟಿ ಒತ್ತಡ ಇಳಿದ ಮೇಲೆ ಅದೇ ಸ್ಪ್ರಿಂಗು ಆ ಭಾಗವನ್ನು ಹಿಂದಕ್ಕೆಸೆಯುತ್ತದೆ, ಬೋಲ್ಟಿನ ತಲೆ ತಿರುಗಿ ಬೀಗ ಬಿಡುತ್ತದೆ. ಅನಿಲ ನುಗ್ಗುವ ದಾರಿಯಿಲ್ಲ, ಮಸಿ ಕಡಿಮೆ. ಅದಕ್ಕೆ ಬೆಲೆ ತೆರುವುದು ಭುಜ: ಕೋವಿ ಒದೆಯದಿದ್ದರೆ ಕೆಲಸವೇ ನಡೆಯುವುದಿಲ್ಲ.

ಮಲೆನಾಡಿನ ಜೋಡಿನಳಿಗೆ ಕೋವಿಗೆ ಇದಾವುದರ ಹಂಗಿಲ್ಲ. ನಳಿಗೆ ಮಡಚಿ ತೋಟಾ ಕೈಯಲ್ಲೇ ತುಂಬಬೇಕು. ಒದೆತವೂ ಪೂರ್ತಿ ಹಾರಿಸಿದವನಿಗೇ.