ಮಟ್ಟಿಯ ಕುಸ್ತಿ, ಪರದೆಯ ಕುಸ್ತಿ

ನಂಜನಗೂಡು ತಾಲ್ಲೂಕಿನ ಸುತ್ತೂರು ಜಾತ್ರೆಗೆ ಹೋಗಿಬಂದವರಿಗೆ ಅಲ್ಲಿಯ ಕುಸ್ತಿ ಪಂದ್ಯಗಳು ನೆನಪಿನಲ್ಲಿ ಉಳಿದೇ ಇರುತ್ತವೆ. ಕಪಿಲಾ ನದಿಯ ದಂಡೆಯ ಆ ಊರಿಗೆ ದನಗಳ ಜಾತ್ರೆಗೆಂದು ಬಂದ ರೈತರು, ರಜೆ ಹಾಕಿ ಬಂದ ನೌಕರರು, ಅಪ್ಪನ ಹೆಗಲೇರಿದ ಮಕ್ಕಳು ಎಲ್ಲರೂ ಕೆಮ್ಮಣ್ಣಿನ ಅಖಾಡದ ಸುತ್ತ ನೆರೆಯುತ್ತಾರೆ. ಇಬ್ಬರು ಪೈಲ್ವಾನರು ಮಣ್ಣು ಮುಟ್ಟಿ ನಮಸ್ಕರಿಸಿ, ತೊಡೆ ತಟ್ಟಿ, ಕೈ ಕೂಡಿಸುತ್ತಾರೆ. ಆಮೇಲೆ ಹತ್ತು ನಿಮಿಷವಾದರೂ ಏನೂ ಆಗದೆ ಇರಬಹುದು. ಒಬ್ಬನ ಕೈ ಇನ್ನೊಬ್ಬನ ಕತ್ತಿನ ಮೇಲೆ, ಹಣೆಗೆ ಹಣೆ. ಹೊಸಬರಿಗೆ ಅದು ಬೇಸರ. ಬಲ್ಲವರಿಗೆ ಅಲ್ಲಿಯೇ ಕುಸ್ತಿ.

ಅದೇ ಸಂಜೆ ಮನೆಗೆ ಮರಳಿ ಟಿ.ವಿ. ಹಾಕಿದರೆ ಕಾಣುವುದು ಇನ್ನೊಂದು ಕುಸ್ತಿ. ಬಣ್ಣದ ದೀಪ, ಹೊಗೆ, ಸಂಗೀತ. ಹಗ್ಗದ ಮೇಲಿಂದ ಹಾರುವ ದೈತ್ಯರು. ಕುರ್ಚಿಯೇಟು, ಬೈಗುಳ, ಸವಾಲು. 1991ರಲ್ಲಿ ಉಪಗ್ರಹ ವಾಹಿನಿಗಳು ನಮ್ಮ ಮನೆಗಳನ್ನು ಪ್ರವೇಶಿಸಿದ ಮೇಲೆ ಈ ಕುಸ್ತಿ ಎಷ್ಟು ಬೇಗ ಹರಡಿತೆಂದರೆ, ಊರ ಗರಡಿಯ ಒಬ್ಬ ಪೈಲ್ವಾನನ ಹೆಸರೂ ತಿಳಿಯದ ಹುಡುಗರು ಅಮೆರಿಕದ ಮಲ್ಲರ ಎತ್ತರ, ತೂಕ, ಎದೆಯ ಸುತ್ತಳತೆಗಳನ್ನು ಟ್ರಂಪ್ ಕಾರ್ಡು ನೋಡಿ ಬಾಯಿಪಾಠ ಮಾಡಿದರು. ನಾನೂ ಆ ಹುಡುಗರಲ್ಲಿ ಒಬ್ಬ.

ಇವೆರಡರಲ್ಲಿ ನಿಜವಾದದ್ದು ಯಾವುದು ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಉತ್ತರಕ್ಕೆ ಸ್ವಲ್ಪ ಇತಿಹಾಸ ಬೇಕು.

ಕುಸ್ತಿ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೇ ಒಂದು ಭಾಗವಿದೆ. ಮಲ್ಲರನ್ನು ವರ್ಗಗಳಾಗಿ ವಿಂಗಡಿಸುವುದು, ಅವರ ಆಹಾರ, ವ್ಯಾಯಾಮ, ಪಟ್ಟುಗಳು ಎಲ್ಲವೂ ಅಲ್ಲಿ ಬಂದಿವೆ. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಸೆಣಸುವ ಜಟ್ಟಿಗಳನ್ನು ಇಂದಿಗೂ ಕಾಣಬಹುದು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಮಹಾನವಮಿಯ ಕಾಳಗಗಳನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಹಲ್ಲು ಮುರಿಯುವಂತಹ, ಮುಖ ಕೆಡುವಂತಹ ಹೊಡೆತಗಳು ಅವನನ್ನು ಬೆರಗುಗೊಳಿಸಿದವು. ಜೊತೆಗೇ ಅವನು ಇನ್ನೊಂದು ಸಂಗತಿಯನ್ನೂ ಗಮನಿಸಿದ. ಇಬ್ಬರನ್ನೂ ಸರಿಸಮನಾಗಿ ಕಣಕ್ಕಿಳಿಸಲು, ಗೆದ್ದವನಿಗೆ ತಕ್ಕ ಮರ್ಯಾದೆ ಸಲ್ಲಿಸಲು ಅಲ್ಲಿ ನಾಯಕರೂ ತೀರ್ಪುಗಾರರೂ ಇದ್ದರು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ವಿಜಯನಗರದ ಮಹಾನವಮಿಯ ಸಂಪ್ರದಾಯವನ್ನು ಮೈಸೂರಿನ ಒಡೆಯರು ಮುಂದುವರಿಸಿದರು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದರು. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ಈಗಲೂ ನಡೆಯುತ್ತದೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಅದು ಆಚರಣೆ. ಜನಸಾಮಾನ್ಯರ ಕುಸ್ತಿ ಬೆಳೆದದ್ದು ಗರಡಿಮನೆಗಳಲ್ಲಿ. ಅಲ್ಲಿಯ ಮಟ್ಟಿ ಎಂದರೆ ಬರಿಯ ಮಣ್ಣಲ್ಲ. ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಮುಂತಾದವನ್ನು ಬೆರೆಸಿ ಹದ ಮಾಡುತ್ತಾರೆ. ದಿನವೂ ಅಗೆದು ಸಡಿಲಗೊಳಿಸುತ್ತಾರೆ. ದಂಡೆ, ಬಸ್ಕಿ, ಗದೆ ತಿರುಗಿಸುವುದು ಎಲ್ಲವೂ ಉಸ್ತಾದರ ಕಣ್ಣೆದುರಿಗೇ ಆಗಬೇಕು.

ದಸರಾ ಕುಸ್ತಿಗೆ ಮುನ್ನ ಮೈಸೂರಿನಲ್ಲಿ ‘ಜೋಡಿ ಕಟ್ಟುವ’ ಕಾರ್ಯಕ್ರಮ ನಡೆಯುತ್ತದೆ. ಊರೂರುಗಳಿಂದ ಬಂದ ಪೈಲ್ವಾನರನ್ನು ಹಿರಿಯರು ಎದುರುಬದುರು ನಿಲ್ಲಿಸಿ, ಮೈಕಟ್ಟು, ವಯಸ್ಸು, ಅನುಭವ ನೋಡಿ ಯಾರಿಗೆ ಯಾರು ಜೋಡಿ ಎಂದು ನಿರ್ಧರಿಸುತ್ತಾರೆ. ಪಾಯಸ್ ಐದು ಶತಮಾನಗಳ ಹಿಂದೆ ಕಂಡದ್ದೂ ಇಂತಹ ಕೆಲಸವನ್ನೇ. ಇಲ್ಲಿ ಮೊದಲೇ ನಿಶ್ಚಯವಾಗುವುದು ಜೋಡಿ ಮಾತ್ರ, ಫಲಿತಾಂಶವಲ್ಲ. ಬೆನ್ನು ಮಣ್ಣಿಗೆ ತಾಗಿ ‘ಚಿತ್’ ಆಗುವವರೆಗೂ ಗೆಲುವು ಯಾರದೆಂದು ಉಸ್ತಾದರಿಗೂ ತಿಳಿಯದು. ಕಾಲದ ಮಿತಿಯಿಲ್ಲದೆ, ಸೋಲು ಗೆಲುವು ತೀರ್ಮಾನವಾಗುವ ತನಕ ನಡೆಯುವ ‘ಮಾರ್ಫಿಟ್’ ಕುಸ್ತಿಯೂ ಉಂಟು.

ಪಶ್ಚಿಮದ ಕುಸ್ತಿಯೂ ಮೊದಲು ಹೀಗೆಯೇ ದೀರ್ಘವಾಗಿತ್ತು. 1908ರಲ್ಲಿ ಷಿಕಾಗೋದಲ್ಲಿ ಫ್ರಾಂಕ್ ಗಾಚ್ ಮತ್ತು ಜಾರ್ಜ್ ಹ್ಯಾಕನ್‌ಸ್ಮಿತ್ ಎರಡು ಗಂಟೆಗೂ ಹೆಚ್ಚು ಹೊತ್ತು ಸೆಣಸಿದರು. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ನಮ್ಮ ಗಾಮಾ ಪೈಲ್ವಾನ್ ಎರಡೂವರೆ ಗಂಟೆಗೂ ಮಿಗಿಲಾಗಿ ಕಾದಾಡಿದರೂ, ಮಕಾಡೆ ಮಲಗಿ ನೆಲಕ್ಕೆ ಅಂಟಿಕೊಂಡಿದ್ದ ಝ್ಬಿಸ್ಕೊನನ್ನು ಚಿತ್ ಮಾಡಲಾಗಲಿಲ್ಲ. ಒಂದು ವಾರದ ನಂತರದ ಮರುಪಂದ್ಯಕ್ಕೆ ಝ್ಬಿಸ್ಕೊ ಬರಲೇ ಇಲ್ಲ. 1928ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಎದುರಾದಾಗ ಗಾಮಾ ಒಂದು ನಿಮಿಷದೊಳಗೆ ಗೆದ್ದರು. ನಿಜವಾದ ಕುಸ್ತಿಯ ಸ್ವಭಾವ ಇದು: ಎರಡೂವರೆ ಗಂಟೆಯಾದರೂ ಆದೀತು, ಅರ್ಧ ನಿಮಿಷವಾದರೂ ಆದೀತು.

ಟಿಕೆಟ್ ಮಾರುವವರಿಗೆ ಇದು ದೊಡ್ಡ ತೊಡಕು. 1920ರ ದಶಕದಲ್ಲಿ ಅಮೆರಿಕದ ವ್ಯವಸ್ಥಾಪಕರು ಕುಸ್ತಿಗೆ ಕಾಲಮಿತಿ ಹಾಕಿದರು, ಹಾರಾಟ ಹೊಡೆದಾಟಗಳನ್ನು ಸೇರಿಸಿದರು, ಯಾರು ಗೆಲ್ಲಬೇಕೆಂಬುದನ್ನೂ ಮೊದಲೇ ಗೊತ್ತುಮಾಡುವ ಪದ್ಧತಿಯನ್ನು ಗಟ್ಟಿಗೊಳಿಸಿದರು. ಎರಡನೆಯ ಮಹಾಯುದ್ಧದ ನಂತರ ಟೆಲಿವಿಷನ್ ಬಂದಿತು. ಚಿಕ್ಕ ಚೌಕದ ಅಖಾಡ, ಇಬ್ಬರೇ ಪಾತ್ರಧಾರಿಗಳು, ಒಂದೆರಡು ಕ್ಯಾಮೆರಾ. ಇಷ್ಟು ಅಗ್ಗದ, ಇಷ್ಟು ಜನಪ್ರಿಯ ಕಾರ್ಯಕ್ರಮ ಬೇರೆ ಸಿಗಲಿಲ್ಲ. 1982ರಲ್ಲಿ ವಿನ್ಸ್ ಮೆಕ್‌ಮಹನ್ ತಂದೆಯ ಕಂಪನಿಯನ್ನು ಕೊಂಡು, ಪ್ರಾಂತ ಪ್ರಾಂತಗಳಲ್ಲಿ ಹಂಚಿಹೋಗಿದ್ದ ಈ ವ್ಯಾಪಾರವನ್ನು ದೇಶವ್ಯಾಪಿಯಾಗಿಸಿದ. 1985ರಲ್ಲಿ ಮೊದಲ ರೆಸಲ್‌ಮೇನಿಯಾ ನಡೆಯಿತು. 1989ರಲ್ಲಿ ಈ ಕಂಪನಿಯವರೇ ನ್ಯೂಜೆರ್ಸಿ ರಾಜ್ಯದ ಶಾಸಕಾಂಗದ ಮುಂದೆ, ತಮ್ಮದು ಕ್ರೀಡೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡರು. ಕ್ರೀಡಾ ಆಯೋಗದ ಹತೋಟಿಯಿಂದ ತಪ್ಪಿಸಿಕೊಳ್ಳುವುದು ಅವರ ಉದ್ದೇಶವಾಗಿತ್ತು. ನಾವು ಹುಡುಗರು ಇಲ್ಲಿ ‘ನಿಜವೋ ಸುಳ್ಳೋ’ ಎಂದು ಜಗಳವಾಡುವ ಹೊತ್ತಿಗೆ ಅಲ್ಲಿ ಆ ಪ್ರಶ್ನೆ ತೀರಿಹೋಗಿತ್ತು! ಡಬ್ಲ್ಯು.ಡಬ್ಲ್ಯು.ಎಫ್. ಎಂದಿದ್ದ ಹೆಸರು, ಅದೇ ಅಕ್ಷರಗಳ ವನ್ಯಜೀವಿ ಸಂಸ್ಥೆಯೊಡನೆ ವ್ಯಾಜ್ಯವಾಗಿ, 2002ರಲ್ಲಿ ಡಬ್ಲ್ಯು.ಡಬ್ಲ್ಯು.ಇ. ಆಯಿತು. ಆ ಕೊನೆಯ ಅಕ್ಷರದ ಅರ್ಥ ಮನರಂಜನೆ ಎಂದೇ.

ಭಾರತದಲ್ಲಿ ಈ ಎರಡು ಲೋಕಗಳ ನಡುವೆ ನಿಂತವರು ದಾರಾಸಿಂಗ್. ಗರಡಿಯಲ್ಲಿ ಪಳಗಿ, ವೃತ್ತಿಪರ ಕುಸ್ತಿಯಲ್ಲಿ ಹೆಸರು ಮಾಡಿ, 1968ರಲ್ಲಿ ಮುಂಬಯಿಯಲ್ಲಿ ಅಮೆರಿಕದ ಲೂ ಥೆಜ್‌ನನ್ನು ಸೋಲಿಸಿದ ಅವರು, 1987–88ರಲ್ಲಿ ದೂರದರ್ಶನದ ‘ರಾಮಾಯಣ’ದಲ್ಲಿ ಹನುಮಂತನಾದರು. ಹಿಮಾಚಲದ ದಿ ಗ್ರೇಟ್ ಖಲಿ 2007ರಲ್ಲಿ ಡಬ್ಲ್ಯು.ಡಬ್ಲ್ಯು.ಇ.ಯ ಪಟ್ಟ ಪಡೆದು, 2015ರಲ್ಲಿ ಜಲಂಧರಿನಲ್ಲಿ ಸ್ವಂತ ಸಂಸ್ಥೆಯನ್ನೇ ತೆರೆದರು. ದೊಡ್ಡ ಕಂಪನಿಗೆ ಸೇರದ ಇಂತಹ ಸ್ವತಂತ್ರ ಕೂಟಗಳು ಅನೇಕ ದೇಶಗಳಲ್ಲಿವೆ. ಅಲ್ಲಿಯೂ ಫಲಿತಾಂಶ ನಿಶ್ಚಿತವೇ. ಆದರೆ ಪ್ರೇಕ್ಷಕ ಹತ್ತಿರವಿರುತ್ತಾನೆ, ಹಣ ಕಡಿಮೆ ಇರುತ್ತದೆ. ಆ ಮಟ್ಟಿಗೆ ಅವು ನಮ್ಮ ಜಾತ್ರೆಯ ಅಖಾಡಕ್ಕೆ ನೆಂಟರು.

ಹಾಗಾದರೆ ಪರದೆಯ ಕುಸ್ತಿ ಬರಿಯ ಸುಳ್ಳೇ? ಅಲ್ಲ. ಗೆಲುವು ಮೊದಲೇ ಗೊತ್ತಿದ್ದರೂ ಬೀಳುವ ದೇಹ ನಿಜವಾದದ್ದು. 1999ರಲ್ಲಿ ಓವನ್ ಹಾರ್ಟ್ ಎಂಬ ಮಲ್ಲ ಮೇಲಿನಿಂದ ಅಖಾಡಕ್ಕೆ ಇಳಿಯುವ ಪ್ರದರ್ಶನದಲ್ಲಿ ಬಿದ್ದು ಸತ್ತೇಹೋದ. ವಿಜ್ಞಾನದ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಒಂದು ಮೀಟರ್ ಎತ್ತರದಿಂದ ಬಿದ್ದ ದೇಹ 5 ಸೆಂಟಿಮೀಟರ್ ದೂರದಲ್ಲಿ ನಿಂತರೆ, ಅದರ ಮೇಲೆ ಬೀಳುವ ಸರಾಸರಿ ಬಲ ದೇಹದ ತೂಕದ ಸುಮಾರು 20 ಪಟ್ಟು. ಒಂದೇ ಸೆಂಟಿಮೀಟರಿನಲ್ಲಿ ನಿಂತರೆ ಸುಮಾರು 100 ಪಟ್ಟು! ಗರಡಿಯಲ್ಲಿ ಮಣ್ಣನ್ನು ಅಗೆದು ಸಡಿಲಗೊಳಿಸುವುದರ, ಟಿ.ವಿ. ಅಖಾಡದ ಹಲಗೆಯನ್ನು ಬಾಗುವಂತೆ ಕಟ್ಟುವುದರ ಗುಟ್ಟು ಇದೇ. ಅಂಗಾತ ಬೀಳುವಾಗ ಬೆನ್ನಿನ ಅಗಲಕ್ಕೂ ಪೆಟ್ಟು ಹಂಚಿಹೋಗುವಂತೆ ಬೀಳುವುದನ್ನು ಆ ಮಲ್ಲರು ವರ್ಷಗಟ್ಟಲೆ ಕಲಿಯುತ್ತಾರೆ. ಶಾಲೆಯ ಸಿಮೆಂಟ್ ಜಗುಲಿ ಬಾಗುವುದಿಲ್ಲ. ಗೆಳೆಯನನ್ನು ಎತ್ತಿ ಹಾಕುವ ಆಟವನ್ನು ಅಲ್ಲಿ ಆಡಿದರೆ ಮುರಿಯುವುದು ಕತ್ತು.

ಕ್ಯಾಮೆರಾದ ಹಿಂದೆ ಕೆಲಸ ಮಾಡುವವನಾಗಿ ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ಮಟ್ಟಿಯ ಕುಸ್ತಿಯನ್ನು ಚಿತ್ರಿಸುವುದು ಕಷ್ಟ. ಪೈಲ್ವಾನರು ನಮ್ಮ ಕಡೆಗೆ ತಿರುಗಿ ಪಟ್ಟು ಹಾಕುವುದಿಲ್ಲ. ಹತ್ತು ನಿಮಿಷದ ಮೌನವನ್ನು ಸಂಕಲನದಲ್ಲಿ ಕತ್ತರಿಸಿ, ಕೊನೆಯ ಎತ್ತೊಗೆತವನ್ನು ಮಾತ್ರ ಉಳಿಸುವ ಆಸೆ ನಮಗೂ ಆಗುತ್ತದೆ. ಹಾಗೆ ಕತ್ತರಿಸಿದಾಗ ನಾವು ಮಟ್ಟಿಯ ಕುಸ್ತಿಯನ್ನೂ ಪರದೆಯ ಕುಸ್ತಿಯನ್ನಾಗಿ ಮಾಡುತ್ತೇವೆ. ಆ ಹತ್ತು ನಿಮಿಷಗಳಲ್ಲಿ ಪೈಲ್ವಾನ ಎದುರಾಳಿಯ ಉಸಿರನ್ನು, ಕಾಲಿನ ಭಾರವನ್ನು ಅಳೆಯುತ್ತಿರುತ್ತಾನೆ. ನೋಡುವ ಹುಡುಗನಿಗೆ ಆ ತಾಳ್ಮೆ ತಲುಪದಿದ್ದರೆ ಗರಡಿಗೆ ಅವನು ಏಕೆ ಹೋಗಬೇಕು?

ಗರಡಿಯನ್ನು ಕೇವಲ ಹೊಗಳುವುದೂ ಸರಿಯಲ್ಲ. ಬಹುಕಾಲ ಅದು ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿತ್ತು. ಇಂದು ದಸರಾ ಅಖಾಡದಲ್ಲಿ ಹುಡುಗಿಯರೂ ಸೆಣಸುತ್ತಾರೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದ ಮೇಲೆ ಆ ಬಾಗಿಲನ್ನು ಮತ್ತೆ ಮುಚ್ಚುವುದು ಸುಲಭವಲ್ಲ. ಸಂಪ್ರದಾಯವೂ ಬದಲಾಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಟಿ.ವಿ. ಕುಸ್ತಿಯನ್ನು ನಾಟಕವೆಂದು ತಿಳಿದು ನೋಡಿದರೆ ತಪ್ಪೇನೂ ಇಲ್ಲ. ನಾಟಕ ನೋಡಿ ರಾಕ್ಷಸನಿಗೆ ಕಲ್ಲು ಹೊಡೆಯುವವರು ಯಾರೂ ಇಲ್ಲ. ಆದರೆ ನಂಜನಗೂಡು, ತಿರುಮಕೂಡಲು ನರಸೀಪುರದ ಸೀಮೆಯ ವಿದ್ಯಾರ್ಥಿಗಳು ಮುಂದಿನ ಸುತ್ತೂರು ಜಾತ್ರೆಗೋ ದಸರಾ ಕುಸ್ತಿಗೋ ಹೋಗಿ, ಒಂದು ಜೋಡಿಯನ್ನು ಕೈ ಕೂಡಿಸಿದಲ್ಲಿಂದ ಚಿತ್ ಆಗುವವರೆಗೂ ಕಣ್ಣು ತೆಗೆಯದೆ ನೋಡಲಿ. ಮುಂದೇನಾಗುವುದೆಂದು ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಪರದೆಯ ಮೇಲೆ ನಾವು ತೋರಿಸಲಾಗದ್ದು ಅದೊಂದೇ.