ಕಲಬುರ್ಗಿಯ ಸೀಮೆಯಲ್ಲಿ ಕ್ರೈಸ್ತ ಸಂತುಷ್ಟಿ

ಕಲಬುರ್ಗಿಯಿಂದ ಹುಮನಾಬಾದಿನ ಕಡೆಗೆ ಸಾಗುವ ಹಾದಿಯಲ್ಲಿ, ಕೆಂಬಾಳೆಗೆ ಹೆಸರಾದ ಕಮಲಾಪುರವಿರುವುದು. ಅದನ್ನು ದಾಟಿ ಮುಂದೆ ಹೋದವರಿಗೆ ಬಸವಕಲ್ಯಾಣವು ಬಹುದೂರವಲ್ಲ. ಸಂತುಷ್ಟಿಯೆಂದರೇನೆಂಬುದನ್ನು ಈ ಸೀಮೆಯವರಿಗೆ ಹೊರಗಿನವರು ಬಂದು ಕಲಿಸಬೇಕಾಗಿರಲಿಲ್ಲ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ಹೆಚ್ಚಾಗಿ ತಂದಾಗ, ಪತ್ನಿಯಾದ ಲಕ್ಕಮ್ಮನು ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಕಥೆಯು ವಾಚಕರಿಗೆ ತಿಳಿದುದೇ ಆಗಿದೆ.

ಇಂತಹ ನೆಲಕ್ಕೆ ಪ್ರಾಟೆಸ್ಟಂಟ್ ಕ್ರೈಸ್ತ ಬೋಧೆಯು ರೈಲಿನ ಬೆನ್ನಿಗೆ ಬಂದಿತೆನ್ನಬಹುದು. ಮುಂಬಯಿಯ ರೈಲುಮಾರ್ಗವು ಕಲಬುರ್ಗಿಯನ್ನು ಹಾಯ್ದು 1871ರಲ್ಲಿ ರಾಯಚೂರನ್ನು ಮುಟ್ಟಿತು. ಅಮೇರಿಕದ ಮೆಥಡಿಸ್ಟ್ ಪಾದ್ರಿಗಳು ಆ ಶತಮಾನದ ಕೊನೆಯ ದಶಕಗಳಲ್ಲಿ ನಿಜಾಮರ ರಾಜ್ಯದ ಈ ಭಾಗದಲ್ಲಿ ನೆಲೆಯೂರಿದರು. ಅವರ ಪಾಲಿಗೆ ಕನ್ನಡ ಬೈಬಲ್ ಮೊದಲೇ ಸಿದ್ಧವಾಗಿದ್ದಿತು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಮೊದಲಾದವರ ಪರಿಶ್ರಮದಿಂದ 1831ರ ವೇಳೆಗೆ ಸಮಗ್ರ ಗ್ರಂಥವು ಅಚ್ಚಾಗಿತ್ತು.

ಆ ಗ್ರಂಥದಲ್ಲಿ ಸಂತುಷ್ಟಿಯ ಮಾತನ್ನಾಡುವಾತನು ಒಬ್ಬ ಸೆರೆಯಾಳು. ಫಿಲಿಪ್ಪಿ ಪಟ್ಟಣದ ಸಭೆಗೆ ಪೌಲನು ಬಂಧನದಿಂದ ಬರೆದ ಪತ್ರದಲ್ಲಿ, ಹಸಿವೆಯಲ್ಲಿಯೂ ಸಮೃದ್ಧಿಯಲ್ಲಿಯೂ ತೃಪ್ತನಾಗಿರುವುದನ್ನು ತಾನು ಕಲಿತುಕೊಂಡುದಾಗಿ ತಿಳಿಸುತ್ತಾನೆ. ಹುಟ್ಟಿನಿಂದ ಬಂದ ಗುಣವೆಂದು ಅವನು ಹೇಳಿಕೊಳ್ಳುವುದಿಲ್ಲವೆಂಬುದು ಗಮನಾರ್ಹ. ಆತನು ಬಳಸಿದ ಗ್ರೀಕ್ ಪದವು ಸ್ಟೋಯಿಕ್ ತತ್ತ್ವಜ್ಞರದು. ಅವರಿಗೆ ಅದರ ಅರ್ಥ, ಯಾರ ಹಂಗೂ ಇಲ್ಲದ ಸ್ವಯಂಪೂರ್ಣತೆ. ಪೌಲನಾದರೋ ತನ್ನ ಬಲವು ಕ್ರಿಸ್ತನಿಂದ ಬಂದುದೆಂದು ಒಪ್ಪಿ, ಎಪಫ್ರೊದೀತನ ಕೈಯಲ್ಲಿ ಆ ಸಭೆಯವರು ಕಳುಹಿಸಿದ ಕಾಣಿಕೆಯನ್ನೂ ಹರ್ಷದಿಂದ ಸ್ವೀಕರಿಸುತ್ತಾನೆ. ಲಕ್ಕಮ್ಮನು ಹಿಂದಿರುಗಿಸಿದಳು, ಪೌಲನು ಸ್ವೀಕರಿಸಿದನು. ಇಬ್ಬರಲ್ಲಿಯೂ ಆಸೆಯ ಸೋಂಕಿಲ್ಲ.

ಈ ಬೋಧೆಗೆ ಕಿವಿಗೊಟ್ಟವರಲ್ಲಿ ಬಹುಮಂದಿ ಅಸ್ಪೃಶ್ಯರೆನಿಸಿಕೊಂಡಿದ್ದವರು. ಇದ್ದುದರಲ್ಲಿ ತೃಪ್ತರಾಗಿರಬೇಕೆಂಬ ಮಾತನ್ನು ಊರ ದೊಡ್ಡವರು ಅವರಿಗೆ ತಲೆತಲಾಂತರದಿಂದ ಹೇಳುತ್ತಲೇ ಬಂದಿದ್ದರು. ಉಳ್ಳವನ ಬಾಯಿಂದ ಬಂದ ಆ ಉಪದೇಶದ ಬೆಲೆಯೆಷ್ಟೆಂದು ಬಲ್ಲವರೇ ಬಲ್ಲರು! ಮಿಷನ್ನಿನವರು ಅದೇ ಮಾತಿನೊಡನೆ ಪಾಠಶಾಲೆಯನ್ನೂ ತಂದರು. ದೇವರ ಮುಂದೆ ತಾನು ಕೀಳಲ್ಲವೆಂದು ಅರಿತು, ಓದಲು ಕಲಿತವನ ತೃಪ್ತಿಯಲ್ಲಿ ತಲೆ ತಗ್ಗಿಸುವ ಅಭ್ಯಾಸಕ್ಕೆ ಎಡೆಯಿರಲಿಲ್ಲ. ಅನ್ನಕ್ಕಾಗಿ ಮತ ಬಿಟ್ಟರೆಂಬ ಆಕ್ಷೇಪವೂ ಉಂಟು. ಬರಗಾಲಗಳನ್ನು ಕಂಡ ದೇಶದಲ್ಲಿ ಅದು ಪೂರ್ಣವಾಗಿ ಸುಳ್ಳೆನ್ನಲಾಗದು. ಆದರೆ ಬರವು ಕಳೆದ ಮೇಲೆಯೂ ಉಳಿದವರ ವಿಷಯದಲ್ಲಿ ಅದು ಏನನ್ನೂ ಹೇಳಲಾರದು.

2005ರಲ್ಲಿ ಕಥೋಲಿಕರಿಗೂ ಕಲಬುರ್ಗಿಯು ಧರ್ಮಪ್ರಾಂತದ ಕೇಂದ್ರವಾಯಿತು. ಅದಕ್ಕೆ ಬಹುಪೂರ್ವದಲ್ಲಿಯೇ ಈ ಸಂತುಷ್ಟಿಗೆ ಬೇರೊಂದು ಪರೀಕ್ಷೆ ಒದಗಿದ್ದಿತು. 1950ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯೆಂಬ ಮನ್ನಣೆಯನ್ನು ಬಹುಮಟ್ಟಿಗೆ ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತಾರಗೊಂಡಿತು, ಕ್ರೈಸ್ತರಿಗೆ ಆಗಲಿಲ್ಲ. ಹೀಗಾಗಿ, ಮಗನನ್ನು ಶಾಲೆಗೆ ಸೇರಿಸುವ ದಿನ, ಮತವೆಂಬ ಅಂಕಣದಲ್ಲಿ ಏನನ್ನು ಬರೆಯಿಸಬೇಕೆಂಬುದನ್ನು ಅಂತಹ ಮನೆಯ ತಂದೆಯು ನಿಂತು ಯೋಚಿಸಬೇಕಾಗುವುದು.