ಮೆಟಡೋರ್ ವ್ಯಾನಿನ ಕೆಂಪು ದೀಪ

ಟೊಮೆಟೊ ಎಲೆ ಸುರಂಗದ ಹುಳದ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ಸಲ. ಈ ಸಲ ನಮ್ಮ ಮೆಟಡೋರ್ ಕಥೆ. ಸ್ವಲ್ಪ ಉದ್ದ ಇದೆ, ನಡುವೆ ಚರಿತ್ರೆನೂ ಬರುತ್ತೆ. ಆದರೆ ಆ ಚರಿತ್ರೆ ಗೊತ್ತಿಲ್ಲದೇ ನಾನು ಎರಡು ಬ್ಯಾಟರಿ, ಒಂದು ಲೋಡ್ ಟೊಮೆಟೊ ರೇಟು, ಕೊನೆಗೆ ಗಾಡೀನೇ ಕಳ್ಕೊಳ್ಳೋದ್ರಲ್ಲಿದ್ದೆ. ಅದಕ್ಕೇ ಬರೀತಿದ್ದೀನಿ.

ಈ ಗಾಡಿ ನಮ್ಮಪ್ಪ 1994ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಡೀಸೆಲ್ ಮೆಟಡೋರ್. ನಮ್ಮ ಕಡೆ ಆಗ ಮದುವೆ ದಿಬ್ಬಣಕ್ಕೂ ಅದೇ, ಮಂಡಿಗೂ ಅದೇ, ಆಸ್ಪತ್ರೆಗೂ ಅದೇ. ಅಪ್ಪ ಹೋಗಿ ಒಂಬತ್ತು ವರ್ಷ ಆಯ್ತು, ಗಾಡಿ ಮಾತ್ರ ಓಡ್ತಾನೇ ಇದೆ.

ಹೋದ ದಸರಾ ಆದಮೇಲೆ ಒಂದು ರೋಗ ಶುರುವಾಯ್ತು. ಬೆಳಿಗ್ಗೆ ಕೀ ತಿರುಗಿಸಿದ್ರೆ ಸ್ಟಾರ್ಟರ್ ‘ಟಕ್’ ಅಂತ ಸುಮ್ಮನಾಗೋದು. ದಿನಾ ಅಲ್ಲ. ಕೋಲಾರದ ಮಂಡಿಗೆ ಹೋಗಿ ಬಂದ ಮಾರನೇ ದಿನ ಒಂದೇ ಏಟಿಗೆ ಸ್ಟಾರ್ಟ್. ಊರೊಳಗೇ ಮೇವು, ಗೊಬ್ಬರ, ಹಾಲಿನ ಕ್ಯಾನು ಅಂತ ಓಡಾಡಿದ ಮಾರನೇ ದಿನ ಸತ್ತು ಮಲಗಿರೋದು. ಬ್ಯಾಟರಿ ಬದಲಾಯಿಸಿದೆ. ಒಂದು ತಿಂಗಳಿಗೆ ಅದೇ ಕಥೆ. ಬ್ಯಾಟರಿನೇ ಸರಿ ಇಲ್ಲ ಅಂತ ಜಗಳ ಆಡಿ ಇನ್ನೊಂದು ತಂದೆ. ಅದಕ್ಕೂ ಅದೇ ಗತಿ.

ಪುಷ್ಯ ಮಾಸದ ಚಳೀಲಿ ಒಂದು ದಿನ ರಾತ್ರಿನೇ 80 ಕ್ರೇಟು ತುಂಬಿಸಿಟ್ಟಿದ್ದೆ. ಬೆಳಗಿನ ಜಾವ ಮೂರೂವರೆಗೆ ಕೀ ತಿರುಗಿಸಿದ್ರೆ ಟಕ್. ಪಕ್ಕದ ಹೊಲದವರ ಟ್ರ್ಯಾಕ್ಟರ್ ಕರೆಸಿ, ಎಳೆಸಿ, ಸ್ಟಾರ್ಟ್ ಮಾಡಿ ಮಂಡಿ ಸೇರೋ ಹೊತ್ತಿಗೆ ಹರಾಜು ಮುಗಿದು ಉಳಿದ ಮಾಲಿನ ಲೆಕ್ಕ ನಡೀತಿತ್ತು. ಸಿಕ್ಕಿದ ರೇಟಿಗೆ ಕೊಟ್ಟು ಬಂದೆ. ಅವತ್ತು ಸಂಜೆನೇ ಗುಜರಿಯವನಿಗೆ ಫೋನ್ ಮಾಡಿ ಬಂದು ನೋಡು ಅಂದೆ. ಮಗ ಖುಷಿಪಟ್ಟ. ಹೊಸ ಗಾಡಿ ತಗೊಳ್ಳೋಣ ಅಂತ ಅವನು ಎರಡು ವರ್ಷದಿಂದ ಹೇಳ್ತಿದ್ದ.

ಇಲ್ಲಿ ಗಾಡಿ ಕುಲದ ಬಗ್ಗೆ ಎರಡು ಮಾತು. ‘ಟೆಂಪೋ’ ಅನ್ನೋದು ನಮಗೆ ಎಲ್ಲಾ ಸಣ್ಣ ಲಗೇಜ್ ಗಾಡಿಗೂ ಹೆಸರು. ಮೂಲದಲ್ಲಿ ಅದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿದ್ದ ವಿಡಾಲ್ ಕಂಪನಿ ಗಾಡಿಗಳ ಹೆಸರು. ಅವರು 1949ರಲ್ಲಿ ಮಟಾಡೋರ್ ಅನ್ನೋ ವ್ಯಾನ್ ಮಾಡಿದ್ರು. ನಮ್ಮ ದೇಶದಲ್ಲಿ 1958ರಲ್ಲಿ ಬಜಾಜ್ ಟೆಂಪೋ ಕಂಪನಿ ಶುರುವಾಗಿ ಮೊದಲು ಮೂರು ಚಕ್ರದ ಹ್ಯಾನ್‌ಸೀಟ್ ಮಾಡ್ತು. 1969ರಲ್ಲಿ ಮಟಾಡೋರ್ ಬಂತು. 1980ರ ದಶಕದಲ್ಲಿ ಇದಕ್ಕೆ ಬೆಂಜ್ ಕಂಪನಿಯ ಓಎಂ 616 ಡೀಸೆಲ್ ಎಂಜಿನ್ ಕೂಡಿಸಿದ್ರು. ಅದೇ ಕಂಪನಿ ಈಗ ಫೋರ್ಸ್ ಮೋಟಾರ್ಸ್. ನಮ್ಮ ಬಾಯಲ್ಲಿ ಮಟಾಡೋರ್ ಮೆಟಡೋರ್ ಆಯ್ತು.

ಗುಜರಿಯವನು ಬರೋಕೆ ನಾಲ್ಕು ದಿನ ಇತ್ತು. ಕೊನೇ ಪ್ರಯತ್ನ ಅಂತ ಟೌನಿನ ಒಂದು ಗ್ಯಾರೇಜಿಗೆ ತಗೊಂಡು ಹೋದೆ. ಅಲ್ಲಿ ಹುಡುಗ ಬ್ಯಾಟರಿಗೆ ಮೀಟರ್ ಹಿಡಿದು ಎಂಜಿನ್ ಜೋರಾಗಿ ರೇಸ್ ಮಾಡಿದ. 14.2 ವೋಲ್ಟ್ ತೋರಿಸ್ತು. ‘ಆಲ್ಟರ್ನೇಟರ್ ಫಸ್ಟ್ ಕ್ಲಾಸ್ ಇದೆ ಅಣ್ಣ, ವೈರಿಂಗಲ್ಲಿ ಎಲ್ಲೋ ಕರೆಂಟು ತಿಂತಿದೆ, ಪೂರ್ತಿ ವೈರಿಂಗ್ ಹೊಸದು ಹಾಕ್ಬೇಕು’ ಅಂದ. ರೇಟು ಕೇಳಿ ವಾಪಸ್ ಬಂದೆ. ಅವನು ಸುಳ್ಳು ಹೇಳಿರಲಿಲ್ಲ. ಅವನು ಪರೀಕ್ಷೆ ಮಾಡಿದ ರೀತಿನೇ ರೋಗ ಮುಚ್ಚಿಟ್ಟಿತ್ತು. ಅದು ಹೇಗೆ ಅಂತ ಮುಂದೆ ಹೇಳ್ತೀನಿ.

ಮನೇಲಿ ದೊಡ್ಡಪ್ಪ ಜಗುಲಿ ಮೇಲೆ ಕೂತಿದ್ರು. ವಯಸ್ಸು ಎಂಬತ್ತರ ಮೇಲೆ. ಡೈನಮೊ ಕಾಲದ ಟ್ರ್ಯಾಕ್ಟರ್ ಓಡಿಸಿದವರು. ಅವರು ಕೇಳಿದ್ದು ಒಂದೇ ಮಾತು: ‘ಕೀ ಹಾಕಿದಾಗ ಕೆಂಪು ದೀಪ ಹತ್ತುತ್ತೇನಪ್ಪಾ?’

‘ಇಲ್ಲ ದೊಡ್ಡಪ್ಪ, ಅದು ಹತ್ತೋದೇ ಇಲ್ಲ. ಹತ್ತಿದ್ರೆ ತಾನೇ ಚಾರ್ಜಿಂಗ್ ತೊಂದರೆ?’ ಅಂದೆ.

‘ಎಂಜಿನ್ ಓಡುವಾಗ ಹತ್ತಬಾರದು ಕಣೋ. ಓಡೋಕೆ ಮುಂಚೆ ಹತ್ತಲೇಬೇಕು’ ಅಂದ್ರು.

ಹತ್ತದೇ ಇದ್ರೆ ಏನಾಗುತ್ತೆ ಅಂದ್ರೆ ಅವರಿಗೂ ಗೊತ್ತಿರಲಿಲ್ಲ. ಅವರ ಟ್ರ್ಯಾಕ್ಟರಲ್ಲಿ ಆ ಬಲ್ಬು ಸುಟ್ಟರೂ ಚಾರ್ಜ್ ಆಗ್ತಿತ್ತಂತೆ. ಅವರು ಹೇಳಿದ್ದೂ ನಿಜ, ನಮ್ಮ ಗಾಡೀಲಿ ಆಗ್ತಿರೋದೂ ನಿಜ. ಎರಡೂ ಹೇಗೆ ನಿಜ ಆಗುತ್ತೆ ಅಂತ ಹುಡುಕ್ತಾ ಹೋದಾಗಲೇ ಈ ಚರಿತ್ರೆ ಸಿಕ್ಕಿದ್ದು.

1831ರಲ್ಲಿ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ಅಯಸ್ಕಾಂತ ಮತ್ತು ತಾಮ್ರ ಇಟ್ಕೊಂಡು ಕರೆಂಟು ಹುಟ್ಟಿಸಿ ತೋರಿಸಿದ. ಮುಂದಿನ ವರ್ಷವೇ ಫ್ರಾನ್ಸಿನ ಪಿಕ್ಸಿ ಅನ್ನೋನು ಕೈಲಿ ತಿರುಗಿಸೋ ಯಂತ್ರ ಮಾಡಿದ. ಇವಕ್ಕೆಲ್ಲ ಕಾಯಂ ಅಯಸ್ಕಾಂತ ಬೇಕಿತ್ತು, ಅದರ ಶಕ್ತಿ ಕಮ್ಮಿ. ದೊಡ್ಡ ತಿರುವು ಬಂದಿದ್ದು 1866-67ರಲ್ಲಿ. ಜರ್ಮನಿಯ ಸೀಮೆನ್ಸ್, ಇಂಗ್ಲೆಂಡಿನ ವೀಟ್‌ಸ್ಟನ್ ಮತ್ತು ವಾರ್ಲಿ, ಹೆಚ್ಚುಕಮ್ಮಿ ಒಂದೇ ಸಮಯಕ್ಕೆ ಒಂದು ವಿಷಯ ಕಂಡ್ಕೊಂಡ್ರು. ಕಬ್ಬಿಣಕ್ಕೆ ಒಂದು ಸಲ ಅಯಸ್ಕಾಂತದ ಗುಣ ಬಂದ್ರೆ ಕರೆಂಟು ನಿಂತ ಮೇಲೂ ಒಂಚೂರು ಉಳಿಯುತ್ತೆ. ಯಂತ್ರ ತಿರುಗಿದಾಗ ಆ ಒಂಚೂರಿನಿಂದ ಒಂಚೂರು ಕರೆಂಟು ಹುಟ್ಟುತ್ತೆ. ಅದನ್ನೇ ತಿರುಗಿ ಅದೇ ಕಬ್ಬಿಣದ ಸುತ್ತ ಇರೋ ಕಾಯಿಲಿಗೆ ಕೊಟ್ರೆ ಅಯಸ್ಕಾಂತ ಜೋರಾಗುತ್ತೆ, ಕರೆಂಟು ಇನ್ನೂ ಜಾಸ್ತಿ ಆಗುತ್ತೆ. ನಮ್ಮ ಹೆಂಗಸರು ನಿನ್ನೆ ಮೊಸರಲ್ಲಿ ಒಂದು ಚಮಚ ಉಳಿಸಿ ಇವತ್ತಿನ ಹಾಲಿಗೆ ಹೆಪ್ಪು ಹಾಕ್ತಾರಲ್ಲ, ಹಂಗೆ. ಇದೇ ಡೈನಮೊ.

ಬ್ಯಾಟರಿ ಇದಕ್ಕೂ ಮುಂಚೆನೇ ಬಂದಿತ್ತು. ಸೀಸದ ಪ್ಲೇಟು, ಆಸಿಡ್ಡು ಇರೋ ಬ್ಯಾಟರಿ ಮಾಡಿದ್ದು 1859ರಲ್ಲಿ, ಫ್ರಾನ್ಸಿನ ಪ್ಲಾಂಟೆ. ಇವತ್ತು ನಮ್ಮ ಗಾಡೀಲಿ ಇರೋದು ಅದರ ಮರಿಮಗ. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಕೆಟರಿಂಗ್ ಅನ್ನೋ ಎಂಜಿನಿಯರ್ ಮಾಡಿದ ಎಲೆಕ್ಟ್ರಿಕ್ ಸ್ಟಾರ್ಟರ್ ಬಂತು. ಅಲ್ಲಿವರೆಗೂ ಹ್ಯಾಂಡಲ್ ಹಾಕಿ ತಿರುಗಿಸ್ಬೇಕಿತ್ತು. ಸ್ಟಾರ್ಟರ್ ಬಂದ ಮೇಲೆ ಅದು ಖಾಲಿ ಮಾಡಿದ್ದನ್ನ ದಾರೀಲಿ ತುಂಬಿಸಲೇಬೇಕು. ಹಾಗಾಗಿ ಡೈನಮೊ ಎಲ್ಲಾ ಗಾಡಿಗೂ ಕಾಯಂ ಆಯ್ತು.

ಡೈನಮೊಗೆ ಎರಡು ಕೊರತೆ. ಹುಟ್ಟಿದ ಅಷ್ಟೂ ಕರೆಂಟು ತಿರುಗೋ ಭಾಗದಿಂದ ಕಾರ್ಬನ್ ಬ್ರಷ್ ಮೂಲಕವೇ ಹೊರಗೆ ಬರ್ಬೇಕು, ಅದಕ್ಕೇ ಮಾಮೂಲಿ 12 ವೋಲ್ಟ್ ಡೈನಮೊ ಇಪ್ಪತ್ತು ಚಿಲ್ಲರೆ ಆಂಪಿಯರ್‌ಗೆ ಸುಸ್ತಾಗುತ್ತೆ. ಎಂಜಿನ್ ನಿಧಾನಕ್ಕೆ ಓಡುವಾಗ ಚಾರ್ಜೇ ಇಲ್ಲ. ಆಗ ಬ್ಯಾಟರಿ ಕರೆಂಟು ಡೈನಮೊ ಕಡೆಗೆ ವಾಪಸ್ ಹರಿಯದ ಹಾಗೆ ತಡೆಯೋದಕ್ಕೆ ‘ಕಟೌಟ್’ ಅನ್ನೋ ಡಬ್ಬಿ. ನಮ್ಮ ಪೈಪ್‌ಲೈನಿನ ನಾನ್ ರಿಟರ್ನ್ ವಾಲ್ವ್ ಇದ್ದಂಗೆ. ಕೆಂಪು ದೀಪದ ಕೆಲಸ ಇಲ್ಲಿ ಬರೀ ಸುದ್ದಿ ಹೇಳೋದು. ಹೆಪ್ಪು ಡೈನಮೊ ಒಳಗೇ ಇದೆ. ಬಲ್ಬು ಸುಟ್ಟರೂ ಕೆಲಸ ನಿಲ್ಲಲ್ಲ. ದೊಡ್ಡಪ್ಪನ ಮಾತು ನಿಜ ಅಂದಿದ್ದು ಅದಕ್ಕೇ.

ಇನ್ನೊಂದು ದಾರಿನೂ ಇತ್ತು, ಎಸಿ ಕರೆಂಟಿನ ದಾರಿ. ಅದು ನಮ್ಮ ಜಿಲ್ಲೆಗೂ ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ರು. ಬೆಂಗಳೂರಿನ ಬೀದಿ ದೀಪ ಹತ್ತಿದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಅಷ್ಟು ದೂರ ಸಾಗಿಸೋಕೆ ಆಗಿದ್ದು ಅದು ಎಸಿ ಆಗಿದ್ದಕ್ಕೆ, ಟ್ರಾನ್ಸ್‌ಫಾರ್ಮರಲ್ಲಿ ವೋಲ್ಟೇಜ್ ಏರಿಸಿ ಇಳಿಸಬಹುದು. ನಮ್ಮ ಬೋರ್‌ವೆಲ್ ಮೋಟರಿಗೆ ಬರೋ ತ್ರೀ ಫೇಸು ಅದೇ ವಂಶದ್ದು.

ಆದರೆ ಬ್ಯಾಟರಿಗೆ ಎಸಿ ಆಗಲ್ಲ, ಅದಕ್ಕೆ ಒಂದೇ ದಿಕ್ಕಿನ ಕರೆಂಟು ಬೇಕು. ಎಸಿನ ಡಿಸಿ ಮಾಡೋ ಸಾಧನ ಗಾಡಿ ಬಾನೆಟ್ ಒಳಗೆ ಹಿಡಿಸೋ ಅಷ್ಟು ಸಣ್ಣದಾಗಿ, ಅಗ್ಗವಾಗಿ ಬರೋವರೆಗೂ ಕಾಯಬೇಕಾಯ್ತು. ಅದೇ ಸಿಲಿಕಾನ್ ಡಯೋಡ್. 1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ವೇಲಿಯಂಟ್ ಕಾರಿಗೆ ಆಲ್ಟರ್ನೇಟರ್ ಹಾಕಿ ಮಾರಿತು. ಆಮೇಲೆ ನಿಧಾನಕ್ಕೆ ಎಲ್ಲಾ ಗಾಡಿಗೂ ಬಂತು.

ಆಲ್ಟರ್ನೇಟರ್ ಬಿಚ್ಚಿ ನೋಡಿದ್ರೆ ಒಳಗೆ ಮೂರು ಸುತ್ತು ಕಾಯಿಲು, ಥೇಟ್ ತ್ರೀ ಫೇಸ್. ಮಾಮೂಲಾಗಿ ಆರು ಡಯೋಡ್ ಸೇರಿ ಅದನ್ನ ಡಿಸಿ ಮಾಡ್ತವೆ. ಒಂದು ಡಯೋಡ್ ಹೋದ್ರೆ ನಮ್ಮ ಪಂಪಿಗೆ ಒಂದು ಫೇಸ್ ಹೋದಂಗೆ, ತಿರುಗುತ್ತೆ, ಪೂರ್ತಿ ಕೆಲಸ ಮಾಡಲ್ಲ. ಇಲ್ಲಿ ದೊಡ್ಡ ಕರೆಂಟು ಹುಟ್ಟೋದು ತಿರುಗದೇ ಇರೋ ಭಾಗದಲ್ಲಿ. ಬ್ರಷ್ ಮೂಲಕ ಹೋಗೋದು ಒಳಗಿನ ಅಯಸ್ಕಾಂತಕ್ಕೆ ಬೇಕಾದ ಎರಡು ಮೂರು ಆಂಪಿಯರ್ ಅಷ್ಟೇ. ಡಯೋಡೇ ವಾಪಸ್ ಹರಿವು ತಡೆಯೋದ್ರಿಂದ ಕಟೌಟ್ ಡಬ್ಬಿನೂ ಬೇಡ.

ಆದರೆ ಹೆಪ್ಪಿಗೆ ತೊಂದರೆ ಆಯ್ತು. ಒಂದೊಂದು ಸಿಲಿಕಾನ್ ಡಯೋಡ್ ದಾಟೋಕೂ ಸುಮಾರು 0.6ರಿಂದ 0.7 ವೋಲ್ಟ್ ಬೇಕು. ಕಬ್ಬಿಣದಲ್ಲಿ ಉಳಿದ ಒಂಚೂರು ಗುಣದಿಂದ ನಿಧಾನ ಓಟದಲ್ಲಿ ಅಷ್ಟು ಹುಟ್ಟಲ್ಲ. ಹಾಗಾಗಿ ಮೊದಲ ಹೆಪ್ಪನ್ನ ಬ್ಯಾಟರಿಯಿಂದ ಕೊಡೋ ಏರ್ಪಾಟು ಮಾಡಿದ್ರು. ಯಾವ ದಾರೀಲಿ ಗೊತ್ತಾ? ಆ ಕೆಂಪು ದೀಪದ ಮೂಲಕ! ಕೀ ಹಾಕಿದಾಗ ಬ್ಯಾಟರಿ ಕರೆಂಟು ಬಲ್ಬಿನ ತಂತಿ ದಾಟಿ ಆಲ್ಟರ್ನೇಟರ್ ಒಳಗಿನ ಕಾಯಿಲಿಗೆ ಹೋಗುತ್ತೆ. ಬಲ್ಬು ಹತ್ತುತ್ತೆ, ಅಯಸ್ಕಾಂತ ಎಚ್ಚರ ಆಗುತ್ತೆ. ಚಾರ್ಜ್ ಶುರುವಾದ ಮೇಲೆ ಬಲ್ಬಿನ ಎರಡೂ ಕಡೆ ಒಂದೇ ವೋಲ್ಟೇಜ್, ಅದಕ್ಕೇ ಆರುತ್ತೆ. ಡೈನಮೊ ಕಾಲದಲ್ಲಿ ಸುದ್ದಿ ಹೇಳ್ತಿದ್ದ ಆಳು ಆಲ್ಟರ್ನೇಟರ್ ಕಾಲದಲ್ಲಿ ಮನೆ ಮಗನೇ ಆಗಿಬಿಟ್ಟ. ನೋಡೋಕೆ ಮಾತ್ರ ಅದೇ ಕೆಂಪು ದೀಪ.

ಈಗ ನಮ್ಮ ಗಾಡಿಗೆ ಬರೋಣ. ಮೀಟರ್ ಇಟ್ಟು ಮೆಲ್ಲಗೆ ಸ್ಟಾರ್ಟ್ ಮಾಡಿದೆ, ರೇಸ್ ಮಾಡಲಿಲ್ಲ. 12.3 ವೋಲ್ಟ್. ಹೆಡ್‌ಲೈಟ್ ಹಾಕಿದೆ, ಇನ್ನೂ ಇಳೀತು. ಚಾರ್ಜ್ ಇಲ್ಲವೇ ಇಲ್ಲ. ಆಮೇಲೆ ಜೋರಾಗಿ ರೇಸ್ ಮಾಡಿದೆ, ತಟ್ಟಂತ 14.2ಕ್ಕೆ ಹಾರಿತು, ಕಾಲು ತೆಗೆದ್ರೂ ಅಲ್ಲೇ ನಿಂತಿತು. ಆಫ್ ಮಾಡಿ ಮತ್ತೆ ಮೆಲ್ಲಗೆ ಸ್ಟಾರ್ಟ್ ಮಾಡಿದೆ. ಮತ್ತೆ 12.3. ಜೋರು ಓಟದಲ್ಲಿ ಉಳಿದ ಹೆಪ್ಪೇ ಸಾಕಾಗ್ತಿತ್ತು, ನಿಧಾನದಲ್ಲಿ ಸಾಲ್ತಿರಲಿಲ್ಲ. ಕೋಲಾರಕ್ಕೆ ಹೈವೇಲಿ ಹೋದ ದಿನ ಬ್ಯಾಟರಿ ತುಂಬ್ತಿತ್ತು, ಊರೊಳಗೆ ಓಡಾಡಿದ ದಿನ ಖಾಲಿ ಆಗ್ತಿತ್ತು. ಗ್ಯಾರೇಜ್ ಹುಡುಗ ಮೊದಲೇ ರೇಸ್ ಮಾಡಿದ್ದಕ್ಕೆ ಅವನಿಗೆ ಸಿಕ್ಕಲಿಲ್ಲ. ಮೆಕ್ಯಾನಿಕಲ್ ಪಂಪಿನ ಡೀಸೆಲ್ ಎಂಜಿನ್ ಆದ್ದರಿಂದ ಒಂದು ಸಲ ಓಡಿದ್ರೆ ಕರೆಂಟಿಲ್ಲದೇನೂ ಓಡುತ್ತೆ, ನಮಗೂ ದಾರೀಲಿ ಗೊತ್ತಾಗಲಿಲ್ಲ.

ಡ್ಯಾಶ್‌ಬೋರ್ಡ್ ಬಿಚ್ಚಿ ಆ ದೀಪ ಹೊರಗೆ ತೆಗೆದೆ. ಅಲ್ಲಿ ಬಲ್ಬೇ ಇಲ್ಲ, ಎಲ್‌ಇಡಿ ಇದೆ! ಆಯುಧ ಪೂಜೆಗೆ ಮಗ ಗಾಡಿ ತೊಳೆದು, ಒಳಗಿನ ದೀಪ ಎಲ್ಲಾ ಎಲ್‌ಇಡಿ ಮಾಡಿದ್ದ. ಎಲ್‌ಇಡಿನೂ ಒಂದು ಡಯೋಡೇ, ಒಂದೇ ದಿಕ್ಕಿಗೆ ಕರೆಂಟು ಬಿಡೋದು. ಇದು ತಿರುಗಾಮುರುಗಾ ಕೂತಿತ್ತು. ಹತ್ತಲೂ ಇಲ್ಲ, ಹೆಪ್ಪಿನ ಕರೆಂಟು ಬಿಡಲೂ ಇಲ್ಲ. ಸರಿಯಾಗಿ ಕೂತಿದ್ರೂ ಎಲ್‌ಇಡಿ ಬಿಡೋ ಕರೆಂಟು ಹೆಪ್ಪಿಗೆ ಸಾಲದು. ದೀಪ ಹತ್ತುತ್ತಿಲ್ಲ, ಹಾಗಾಗಿ ಎಲ್ಲಾ ಸರಿ ಇದೆ ಅಂತ ನಾನು ಮೂರು ತಿಂಗಳು ಅದನ್ನೇ ನೋಡ್ಕೊಂಡು ಗಾಡಿ ಓಡಿಸಿದ್ದೆ.

ಅಂಗಡಿಯಿಂದ ಮಾಮೂಲಿ 12 ವೋಲ್ಟಿನ ಸಣ್ಣ ಬಲ್ಬು ತಂದು ಹಾಕಿದೆ. ಕೀ ಹಾಕಿದೆ, ಕೆಂಪಗೆ ಹತ್ತಿತು. ಸ್ಟಾರ್ಟ್ ಮಾಡಿದೆ, ಆರಿತು. ಮೀಟರಲ್ಲಿ 14.1, ರೇಸ್ ಇಲ್ಲದೇ. ಮಗನ ಮುಖ ಸಣ್ಣದಾಯ್ತು. ಬೈಯೋಕೆ ಬಾಯಿ ತೆಗೆದವನು ಸುಮ್ಮನಾದೆ. ಯಾಕೆ ಅಂದ್ರೆ ವರ್ಷಗಳ ಹಿಂದೆ ಇದೇ ಗಾಡೀಲಿ ಚಾರ್ಜಿಂಗ್ ನೋಡ್ತೀನಿ ಅಂತ ಎಂಜಿನ್ ಓಡುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು ಡಯೋಡ್ ಸುಟ್ಟವರು ಇದೇ ದೊಡ್ಡಪ್ಪ. ಡೈನಮೊ ಕಾಲದ ಅಭ್ಯಾಸ ಅದು. ಅಪ್ಪ ಅವತ್ತು ಅಣ್ಣನಿಗೆ ಒಂದು ಮಾತೂ ಅನ್ನಲಿಲ್ಲ. ಒಬ್ಬರು ಹಳೇ ಅಭ್ಯಾಸ ಹೊಸ ಯಂತ್ರಕ್ಕೆ ತಂದ್ರು, ಇನ್ನೊಬ್ಬ ಹೊಸ ವಸ್ತು ಹಳೇ ಯಂತ್ರಕ್ಕೆ ತಂದ. ನಾನೋ, ಎರಡು ಬ್ಯಾಟರಿ ತಂದೆ.

ನಿಮ್ಮಲ್ಲೂ ಹಳೇ ಗಾಡಿ, ಟ್ರ್ಯಾಕ್ಟರ್ ಇದ್ರೆ ಬ್ಯಾಟರಿ ತರೋಕೆ ಮುಂಚೆ ಇಷ್ಟು ನೋಡಿ. ರಾತ್ರಿ ನಿಂತ ಗಾಡಿ ಬ್ಯಾಟರಿ ಬೆಳಿಗ್ಗೆ ಸುಮಾರು 12.6 ವೋಲ್ಟ್ ಇರ್ಬೇಕು. ಕೀ ಹಾಕಿದಾಗ ಕೆಂಪು ದೀಪ ಹತ್ತಬೇಕು, ಸ್ಟಾರ್ಟ್ ಆದಮೇಲೆ ಆರಬೇಕು. ಆಲ್ಟರ್ನೇಟರ್ ಗಾಡಿ ಆದ್ರೆ ರೇಸ್ ಮಾಡದೇ ಮೀಟರ್ ನೋಡಿ, ಆಮೇಲೆ ಸ್ವಲ್ಪ ರೇಸ್ ಮಾಡಿ ನೋಡಿ, 13.8ರಿಂದ 14.4 ಒಳಗಿರ್ಬೇಕು. 15 ದಾಟಿದ್ರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿ ಕುದೀತಿದೆ ಅಂತ. ಬೆಲ್ಟ್ ಸಡಿಲ ಇದ್ಯಾ, ಬ್ಯಾಟರಿಯಿಂದ ಎಂಜಿನ್ನಿಗೆ ಬರೋ ಅರ್ತಿಂಗ್ ಪಟ್ಟಿ ತುಕ್ಕು ಹಿಡಿದಿದ್ಯಾ ನೋಡಿ. ಆಲ್ಟರ್ನೇಟರ್ ಗಾಡೀಲಿ ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಮುಟ್ಟಲೇಬೇಡಿ. ಗಾಡಿಗೆ ವೆಲ್ಡಿಂಗ್ ಮಾಡಿಸುವಾಗ ಮಾತ್ರ ಎಂಜಿನ್ ನಿಲ್ಲಿಸಿ ಟರ್ಮಿನಲ್ ತೆಗೆದಿಡಿ.

ಗುಜರಿಯವನು ಹೇಳಿದ ದಿನ ಬಂದ. ಟೀ ಕೊಟ್ಟು, ಎರಡು ಹಳೇ ಬ್ಯಾಟರಿ ತೂಕಕ್ಕೆ ಹಾಕಿ ಕಳಿಸಿದೆ. ಗಾಡಿ ಎಷ್ಟು ದಿನ ಇರುತ್ತೋ, ಎಫ್‌ಸಿಯವರು ಬಿಟ್ಟಷ್ಟು ದಿನ. ಮಗ ಈಗ ಒಂದು ಮೀಟರ್ ಸೀಟಿನ ಕೆಳಗೇ ಇಟ್ಟಿದ್ದಾನೆ. ನಾಳೆ ಬೆಳಗಿನ ಜಾವ ಮಂಡಿಗೆ ಅವನೇ ಹೊರಡೋದು. ಕೀ ಹಾಕಿ ಒಂದು ಗಳಿಗೆ ಕೆಂಪು ದೀಪ ನೋಡಿ ಆಮೇಲೆ ಸ್ಟಾರ್ಟ್ ಮಾಡು ಅಂದಿದ್ದೀನಿ.